ಎಂಜಿನ್ ಇದ್ದ ದವಾಖಾನೆ, ಇಲ್ಲದ ದವಾಖಾನೆ

ನಿವೃತ್ತನಾದ ಮೇಲೂ ಸಂಸ್ಥೆಯವರು ನನ್ನನ್ನು ಪೂರ್ತಿ ಬಿಟ್ಟಿಲ್ಲ. ಮೊನ್ನೆ ಕರೆಸಿಕೊಂಡು, ಚಹಾ ಕೊಟ್ಟು, ಮೇಜಿನ ಮೇಲೆ ಎರಡು ಚಿತ್ರ ಇಟ್ಟರು. ಒಂದು ಉದ್ದನೆಯ ಬಿಳಿ ಗಾಡಿ. ಎಂಜಿನ್, ಡ್ರೈವರ್ ಕ್ಯಾಬಿನ್, ರೋಗಿ ನೋಡುವ ಕೋಣೆ, ಮಲಗುವ ಹಾಸಿಗೆ, ಅಡುಗೆ ಕಟ್ಟೆ ಎಲ್ಲವೂ ಅದರ ಹೊಟ್ಟೆಯಲ್ಲೇ. ಇನ್ನೊಂದು ಗಾಲಿಗಳ ಮೇಲೆ ಕೂತ ಡಬ್ಬಿ. ಅದಕ್ಕೆ ಎಂಜಿನ್ ಇಲ್ಲ. ಜೀಪಿನ ಹಿಂದೆ ಕೊಂಡಿ ಹಾಕಿ ಎಳೆದುಕೊಂಡು ಹೋಗಬೇಕು. ನಮ್ಮ ಸಂಚಾರಿ ದವಾಖಾನೆಗೆ ಹೊಸದು ತಗೊಳ್ಳಬೇಕಾಗಿದೆ, ಎರಡನ್ನೂ ಓಡಿಸಿದವರು ನೀವೊಬ್ಬರೇ, ಯಾವುದು ಒಳ್ಳೆಯದು ಹೇಳಿ ಶರಣಪ್ಪನವರೇ ಅಂದರು. ನಾನು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಏನೋ ಒಂದು ಹೇಳಿ ಎದ್ದು ಬಂದೆ. ಸೊಂಟ ನೋಯುತ್ತಿತ್ತು. ಅಲ್ಲಿ ಕೂತವರಿಗೆ ಉದ್ದದ ಉತ್ತರ ಕೇಳುವ ಪುರಸೊತ್ತೂ ಇದ್ದಂತೆ ಕಾಣಲಿಲ್ಲ.

ಆದರೆ ನಾಳೆ ಆ ಗಾಡಿಯಲ್ಲಿ ಕೂರುವವರು ಅವರಲ್ಲ. ಹೊಸದಾಗಿ ಸೇರುವ ಡ್ರೈವರು, ನರ್ಸು, ಡಾಕ್ಟರು ಕೂರುವವರು. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಓದಿ ಬೇಜಾರಾದರೆ ಅರ್ಧಕ್ಕೆ ಬಿಡಿ. ನನಗೂ ಬರೆಯುತ್ತ ಬರೆಯುತ್ತ ಅಲ್ಲಲ್ಲಿ ಸುಸ್ತಾಗಿದೆ.

ಕೆಲಸ ಇಷ್ಟೇ. ಒಂದು ವಾರ ಆಳಂದದ ಕಡೆ, ಮುಂದಿನ ವಾರ ಅಫಜಲಪುರದ ಕಡೆ, ಅದರ ಮುಂದಿನ ವಾರ ಜೇವರ್ಗಿ ಕಡೆ. ದವಾಖಾನೆ ಇಲ್ಲದ ಹಳ್ಳಿಗೆ ಹೋಗಿ, ಅಲ್ಲೇ ಉಳಿದು, ರೋಗಿಗಳನ್ನು ನೋಡಿ, ಮುಂದಿನ ಹಳ್ಳಿಗೆ ಹೋಗುವುದು. ನಾವು ಮೂವರು. ಡಾಕ್ಟರ್ ಸಾಹೇಬರು, ಒಳ್ಳೆಯ ಮನುಷ್ಯ, ಸಿಟ್ಟು ಮಾತ್ರ ಮೂಗಿನ ತುದಿಯಲ್ಲೇ. ನರ್ಸ್ ಸುಜಾತಾ, ಆಳಂದದವರು, ಬೌದ್ಧರ ಮನೆಯ ಹೆಣ್ಣುಮಗಳು. ಅವರನ್ನು ಎಲ್ಲರೂ ಸಿಸ್ಟರ್ ಅನ್ನುತ್ತಿದ್ದರು, ಹಳ್ಳಿಯ ಹೆಂಗಸರು ಅಕ್ಕಾರ ಅನ್ನುತ್ತಿದ್ದರು. ಮೂರನೆಯವನು ನಾನು, ಡ್ರೈವರ್. ಡ್ರೈವರ್ ಅಂದರೆ ಗಾಡಿ ಓಡಿಸುವವನಷ್ಟೇ ಅಲ್ಲ. ನೀರು ತುಂಬುವವನು, ಸಾಲು ನಿಲ್ಲಿಸುವವನು, ಕೂಸು ಅತ್ತರೆ ಹಾರ್ನ್ ಬಾರಿಸಿ ನಗಿಸುವವನು, ಸಾಹೇಬರಿಗೆ ಚಹಾ ಮಾಡುವವನು. ನೇಮಕಾತಿ ಪತ್ರದಲ್ಲಿ ಇದ್ಯಾವುದೂ ಬರೆದಿರುವುದಿಲ್ಲ, ಹುಡುಕಬೇಡಿ.

ಮೊದಲು ನಮಗಿದ್ದದ್ದು ದೊಡ್ಡ ಗಾಡಿ. ಹಳೆಯ ಬಸ್ಸೊಂದರ ಸೀಟು ಕಿತ್ತು ಮಾಡಿಸಿದ್ದು. ಮುಂದೆ ನನ್ನ ಸೀಟು, ನಡುವೆ ತಪಾಸಣೆಯ ಮಂಚ, ಹಿಂದೆ ಸಿಸ್ಟರ್ ಮಲಗಲು ಚಿಲಕವಿದ್ದ ಒಂದು ಗೂಡು. ಸಾಹೇಬರು ತಪಾಸಣೆಯ ಮಂಚದ ಮೇಲೆಯೇ ಮಲಗುತ್ತಿದ್ದರು. ಅವರು ಆರಡಿ ಆಳು, ಮಂಚ ಐದಡಿಯದು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಅವರು ಬೈಗುಳದ ಹಾಗೆ ಹೇಳುತ್ತಿದ್ದರು. ನಾನು ಸ್ಟೇರಿಂಗಿನ ಪಕ್ಕದಲ್ಲಿ ಮುದುಡಿ ಮಲಗುತ್ತಿದ್ದೆ. ನನ್ನ ಈಗಿನ ಸೊಂಟದ ಹುಟ್ಟೂರು ಅದೇ.

ಅದು ಎಷ್ಟಾದರೂ ಬಸ್ಸಿನ ದೇಹ. ಮೈಮೇಲೆ ಎಷ್ಟೇ ದೊಡ್ಡದಾಗಿ ದವಾಖಾನೆ ಎಂದು ಬರೆಸಿದರೂ ಕಂಡವರು ಕೈ ಮಾಡುತ್ತಿದ್ದರು. ಹುಣ್ಣಿಮೆಯ ದಿನ ಚೌಡಾಪುರದ ಹತ್ತಿರ ಗಾಣಗಾಪುರದಿಂದ ಮರಳುವ ಭಕ್ತರ ಗದ್ದಲ. ಒಮ್ಮೆ ಅಲ್ಲಿ ರಸ್ತೆ ಬದಿಗೆ ನಿಲ್ಲಿಸಿ ಸಾಹೇಬರು ಯಾರದೋ ಎದೆಗೆ ಕೊಳವೆ ಹಚ್ಚಿ ಕೇಳುತ್ತಿದ್ದರು. ಮುದುಕಿಯೊಬ್ಬಳು ಮೆಟ್ಟಿಲು ಹತ್ತಿ, ತನ್ನ ಗಂಟನ್ನು ಮಂಚದ ಮೇಲೆ ರೋಗಿಯ ಕಾಲ ಬಳಿ ಇಟ್ಟು, ಸಾಹೇಬರ ಕಡೆ ತಿರುಗಿ, "ಅಫಜಲಪುರ ಒಂದ್ ಕೊಡ್ರಿ" ಅಂದಳು. ಕೊರಳಲ್ಲಿ ತೂಗುವ ಕೊಳವೆ ನೋಡಿ ಕಂಡಕ್ಟರ್ ಅಂದುಕೊಂಡಳೋ ಏನೋ. ಸಾಹೇಬರು ಕೆಂಪಗಾದರು. ಸಿಸ್ಟರ್ ಮಾತ್ರ ನಗು ತಡೆದು, ಕೂಡ್ರಬೇ ಆಯಿ ಎಂದು ಕೂರಿಸಿ ಬಿಪಿ ನೋಡಿದರು. ವಿಪರೀತ ಇತ್ತು. ಕಡೆಗೆ ಮುದುಕಿಯನ್ನು ಅಫಜಲಪುರದವರೆಗೆ ಕರೆದುಕೊಂಡೇ ಹೋದೆವು. ಇಳಿಯುವಾಗ ಗುಳಿಗೆ ಪೊಟ್ಟಣವನ್ನು ಟಿಕೆಟ್ಟಿನ ಹಾಗೆ ಮುಷ್ಟಿಯಲ್ಲಿ ಹಿಡಿದು ಇಳಿದಳು.

ನಗುವುದಕ್ಕೆ ಇಂಥವು ಇರುತ್ತವೆ. ಉಳಿದದ್ದು ನಗುವಂಥದ್ದಲ್ಲ. ದೊಡ್ಡ ಗಾಡಿಯಲ್ಲಿ ಎಂಜಿನ್ ಕೆಟ್ಟರೆ ದವಾಖಾನೆಯೂ ಕೆಟ್ಟಂತೆ. ಖಜೂರಿಯ ಹತ್ತಿರ ಒಮ್ಮೆ ಕ್ಲಚ್ ಹೋಯಿತು. ಎಳೆಸಿಕೊಂಡು ಹೋಗಿ ಲಾರಿಗಳ ಗ್ಯಾರೇಜಿಗೆ ಹಾಕಿದೆವು. ಸಾಮಾನು ಸೊಲ್ಲಾಪುರದಿಂದ ಬರಬೇಕು. ಸುಮ್ಮನೆ ಕೂರುವುದು ಸಾಹೇಬರ ಜಾಯಮಾನವಲ್ಲ. ಜಾಕಿನ ಮೇಲೆ ನಿಂತ ಗಾಡಿಯಲ್ಲೇ ಲಾರಿ ಡ್ರೈವರುಗಳನ್ನು ನೋಡಲು ಶುರು ಮಾಡಿದರು. ಕೆಳಗೆ ಮಿಸ್ತ್ರಿ ಗೇರ್ ಬಾಕ್ಸ್ ಇಳಿಸುತ್ತಿದ್ದಾನೆ, ಮೇಲೆ ಸಾಹೇಬರು ಕಿವಿಯಲ್ಲಿ ದೀಪ ಬಿಟ್ಟು ನೋಡುತ್ತಿದ್ದಾರೆ. ಒಬ್ಬರು ಕೆಲಸ ಮಾಡಿದರೆ ಇನ್ನೊಬ್ಬರ ಕೈ ಅಲುಗುತ್ತದೆ. ಇಬ್ಬರೂ ದಿನವಿಡೀ ಒಬ್ಬರನ್ನೊಬ್ಬರು ಬೈದುಕೊಂಡರು. ಖಜೂರಿಯ ಲಾರಿಯವರಿಗೆ ಒಳ್ಳೆಯದಾಯಿತು. ಆಳಂದದ ಒಳಹಳ್ಳಿಗಳಲ್ಲಿ ನಮ್ಮ ದಾರಿ ಕಾದವರಿಗೆ ಆ ವಾರ ಯಾರೂ ಹೋಗಲಿಲ್ಲ. ಆಮೇಲೆ ಹೋದಾಗ ಅವರು ಏನೂ ಕೇಳಲಿಲ್ಲ. ಕೇಳದೇ ಇದ್ದದ್ದೇ ನನಗೆ ಹೆಚ್ಚು ಬೇಸರ ತಂದಿತು.

ಮಳೆಗಾಲದಲ್ಲಿ ಜೇವರ್ಗಿ ಕಡೆಯ ಎರೆ ಮಣ್ಣು ಹೇಗಿರುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ. ಆ ಭಾರದ ಗಾಡಿ ಒಮ್ಮೆ ಅಚ್ಚಿನ ತನಕ ಹೂತಿತೆಂದರೆ ಟ್ರ್ಯಾಕ್ಟರ್ ಬಂದು ಎಳೆಯುವ ತನಕ ಅಲ್ಲೇ ಠಿಕಾಣಿ. ಇಷ್ಟಾದರೂ ದೊಡ್ಡ ಗಾಡಿಯನ್ನು ನಾನು ಬೈಯಲಾರೆ. ಫ್ರಿಜ್ಜಿನಲ್ಲಿ ಲಸಿಕೆ ತಣ್ಣಗೆ ಇರುತ್ತಿತ್ತು, ಊರಿಗೆ ಹೋಗಿ ನಿಂತ ಕೂಡಲೇ ಬಾಗಿಲು ತೆಗೆದು ಕೆಲಸ ಶುರು ಮಾಡಬಹುದಿತ್ತು, ಓಡಿಸಲು ಹೊಸ ವಿದ್ಯೆ ಏನೂ ಬೇಕಿರಲಿಲ್ಲ. ದೊಡ್ಡ ಕೊರತೆ ಒಂದೇ. ಅದನ್ನು ಹೆಂಗಸರು ಹತ್ತುತ್ತಿರಲಿಲ್ಲ.

ಮುದುಕಿಯರು ಬರುತ್ತಿದ್ದರು, ಮಕ್ಕಳು ಬರುತ್ತಿದ್ದರು, ಗಂಡಸರಂತೂ ಬೀಡಿ ಕೆಮ್ಮಿಗೂ ಬರುತ್ತಿದ್ದರು. ಬಸುರಿಯರು, ಹೆರುವ ವಯಸ್ಸಿನವರು ಮಾತ್ರ ದೂರ ನಿಂತು ನೋಡಿ ಹೋಗಿಬಿಡುತ್ತಿದ್ದರು. ನಮ್ಮ ದವಾಖಾನೆ ಇದ್ದದ್ದೇ ಮುಖ್ಯವಾಗಿ ಅವರಿಗಾಗಿ. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ, ಇವತ್ತಲ್ಲ ನಾಳೆ ಬರುತ್ತಾರೆ ಬಿಡು ಅನ್ನುತ್ತಿದ್ದರು ಸಾಹೇಬರು. ನಾಳೆ ಬರಲಿಲ್ಲ, ಮುಂದಿನ ವರ್ಷವೂ ಬರಲಿಲ್ಲ.

ಕಾರಣ ತಿಳಿದದ್ದು ಜೇವರ್ಗಿ ತಾಲೂಕಿನ ಕೊಳಕೂರಿನಲ್ಲಿ. ಅಲ್ಲಿ ನಾವು ನಿಲ್ಲುತ್ತಿದ್ದ ಬಯಲಿನ ಎದುರಿಗೇ ಗುರುಬಾಯಿಯ ಮನೆ. ಗಟ್ಟಿ ದನಿಯ, ಗಟ್ಟಿ ಮನಸ್ಸಿನ ಹೆಂಗಸು. ಆ ಓಣಿಯಲ್ಲಿ ಅವಳು ಹೂಂ ಅನ್ನದೆ ಸೊಸೆಯಂದಿರು ಬಾವಿಗೂ ಹೋಗುತ್ತಿರಲಿಲ್ಲ. ಸಿಸ್ಟರ್ ಅವಳ ಮನೆಯಲ್ಲಿ ರೊಟ್ಟಿ, ಪುಂಡಿಪಲ್ಯ ಉಣ್ಣುತ್ತ ಮೆಲ್ಲಗೆ ಕೇಳಿದರಂತೆ. ಗುರುಬಾಯಿ ಮುಚ್ಚುಮರೆ ಇಲ್ಲದೆ ಹೇಳಿದಳಂತೆ.

"ಗಾಡಿ ಹತ್ತಿದ್ರ ಬಾಗಲಾ ಹಾಕ್ಕೊಂಡು ಕಲಬುರ್ಗಿಗಿ ಒಯ್ತಾರ್ರಿ ಅಕ್ಕಾರ. ಆಪರೇಷನ್ ಮಾಡಿ ತಂದು ಬಿಡ್ತಾರ. ಎಂಜಿನ್ ಇದ್ದ ಗಾಡಿ ಅದು, ಯಾವಾಗ ಹೊಂಡ್ತದ ಯಾರಿಗಿ ಗೊತ್ತು?"

ಎಷ್ಟೋ ವರ್ಷಗಳ ಹಿಂದೆ ಆ ಸೀಮೆಯಲ್ಲಿ ಯಾವುದೋ ಕ್ಯಾಂಪಿನ ಗಾಡಿ ಬಂದು ಹೆಂಗಸರನ್ನು ಹತ್ತಿಸಿಕೊಂಡು ಹೋಗಿತ್ತಂತೆ. ಕೆಲವರಿಗೆ ಇನ್ನು ಮಕ್ಕಳಾಗದ ಹಾಗೆ ತಮ್ಮ ಹೊಟ್ಟೆಗೆ ಆಪರೇಷನ್ ಮಾಡಿದ್ದಾರೆಂದು ಮನೆಗೆ ಬಂದ ಮೇಲೆ ತಿಳಿಯಿತಂತೆ. ಯಾವ ವರ್ಷ, ಯಾರ ಗಾಡಿ, ಯಾರಿಗೂ ಗೊತ್ತಿಲ್ಲ. ಅತ್ತೆ ಸೊಸೆಗೆ ಹೇಳಿದ್ದಳು, ಸೊಸೆ ತನ್ನ ಸೊಸೆಗೆ ಹೇಳಿದ್ದಳು. ಸಾಹೇಬರು ಕೇಳಿ, ಈ ಕಾಲದಲ್ಲಿ ಇದೆಂಥ ಮೂಢತನ ಎಂದು ಹಣೆ ಚಚ್ಚಿಕೊಂಡರು.

ಕಡೆಗೆ ದೊಡ್ಡ ಗಾಡಿಯ ಎಂಜಿನ್ ಪೂರ್ತಿ ಕೈಕೊಟ್ಟಿತು. ಯಾರೋ ದಾನಿಗಳು ಟ್ರೇಲರ್ ಮಾಡಿಸಿಕೊಟ್ಟರು, ಎಳೆಯಲು ಒಂದು ಜೀಪು. ನನಗೆ ಅಲ್ಲಿಂದ ಗ್ರಹಚಾರ ಶುರುವಾಯಿತು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅನ್ನುತ್ತಾರಲ್ಲ, ಅದಕ್ಕೆ ಟ್ರೇಲರ್ ಹಿಂದಕ್ಕೆ ತೆಗೆದು ನೋಡು ಎಂದೂ ಸೇರಿಸಬೇಕು. ಸ್ಟೇರಿಂಗ್ ಬಲಕ್ಕೆ ತಿರುಗಿಸಿದರೆ ಡಬ್ಬಿ ಎಡಕ್ಕೆ ಹೋಗುತ್ತದೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬುದರ ಅರ್ಥ ನನಗೆ ಆ ವಯಸ್ಸಿನಲ್ಲಿ ಸರಿಯಾಗಿ ಆಯಿತು. ಕೊಳಕೂರಿಗೆ ಮೊದಲ ಸಲ ಹೋದಾಗ ಹಿಂದಕ್ಕೆ ತೆಗೆಯುತ್ತ ತೆಗೆಯುತ್ತ ನೇರವಾಗಿ ಗುರುಬಾಯಿಯ ತಿಪ್ಪೆಗೆ ಹೊಗಿಸಿದೆ. ಅವಳು ಸೊಂಟದ ಮೇಲೆ ಕೈಯಿಟ್ಟು ಬಂದು ನಿಂತು, ದವಾಖಾನೆಯನ್ನು ತಂದು ತಿಪ್ಪೆಯಲ್ಲಿ ಇಟ್ಟೆಯಲ್ಲ ಎಂದು ಊರಿಗೆಲ್ಲ ಕೇಳುವಂತೆ ಬೈದಳು. ಓಣಿಯ ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು. ನಮ್ಮನ್ನು ನೋಡಿ ಅವರು ನಕ್ಕದ್ದು ಅದೇ ಮೊದಲು.

ಡಬ್ಬಿಗೆ ಮೂಲೆಗೊಂದು ಕಾಲು ಇರುತ್ತದೆ, ನಿಂತಾಗ ಇಳಿಸಬೇಕು. ಎರೆ ಮಣ್ಣಿನಲ್ಲಿ ಅದು ಹಾಗೇ ಇಳಿಯುತ್ತ ಹೋಗಿ ಒಂದು ಕಡೆ ವಾಲುತ್ತದೆ. ಮೊದಮೊದಲು ಸಾಹೇಬರು ಬರೆಯುವಾಗ ಮೇಜಿನ ಮೇಲಿನ ಪೆನ್ನು ಉರುಳಿ ರೋಗಿಯ ಮಡಿಲಿಗೆ ಬೀಳುತ್ತಿತ್ತು. ಆಮೇಲೆ ಶಹಾಬಾದಿ ಫರಸಿ ಕಲ್ಲಿನ ತುಂಡುಗಳನ್ನು ಜೀಪಿನಲ್ಲೇ ಇಟ್ಟುಕೊಂಡು ಕಾಲಿಗೊಂದರಂತೆ ಕೊಡುವುದು ರೂಢಿಯಾಯಿತು. ಹೊರಡುವಾಗ ಕಾಲು ಎತ್ತುವುದನ್ನು ಮರೆಯಬೇಡಿ. ನಾನು ಒಮ್ಮೆ ಮರೆತು ಊರ ಮುಂದಿನ ರಸ್ತೆಯನ್ನು ನೇಗಿಲು ಹೊಡೆದ ಹಾಗೆ ಮಾಡಿದ್ದೇನೆ. ಓಡುವಾಗ ಡಬ್ಬಿಯೊಳಗೆ ಯಾರನ್ನೂ ಕೂರಿಸಬಾರದು, ಅದು ಕಾನೂನು. ಕೂರಿಸಿದರೆ ಏನಾಗುತ್ತದೆ ಎಂದು ತಿಳಿಯಲು ಒಂದು ತಿರುವಿನಲ್ಲಿ ಅದರ ಓಲಾಟ ನೋಡಿದರೆ ಸಾಕು.

ತಿಪ್ಪೆಯಿಂದ ಡಬ್ಬಿ ಈಚೆ ತೆಗೆದು ನಿಲ್ಲಿಸಿ ಕೊಂಡಿ ಕಳಚಿದೆ. ಗುರುಬಾಯಿ ಹತ್ತಿರ ಬಂದು ಡಬ್ಬಿಯ ಸುತ್ತ ಒಂದು ಸುತ್ತು ಹಾಕಿದಳು. ಬಗ್ಗಿ ಕೆಳಗೆ ನೋಡಿದಳು. ಕೊಂಡಿಯನ್ನು ಕಾಲಿನಿಂದ ಒದ್ದು ನೋಡಿದಳು. ಇದಕ್ಕೆ ಎಂಜಿನ್ ಎಲ್ಲಿದೆ ಎಂದು ಕೇಳಿದಳು. ಇಲ್ಲ ಅಂದೆ. ಹಾಗಾದರೆ ಇದು ತಾನಾಗಿ ಹೋಗುವುದಿಲ್ಲವೇ ಅಂದಳು. ಇಲ್ಲ ಅಂದೆ. ಆಮೇಲೆ ಜೀಪನ್ನು ಅಷ್ಟು ದೂರದ ಬೇವಿನ ಮರದ ಕೆಳಗೆ ನಿಲ್ಲಿಸಿ ಬಾ ಅಂದಳು. ನಿಲ್ಲಿಸಿ ಬಂದೆ. ಕೈ ಚಾಚಿದಳು.

"ಚಾವಿ ನನ್ನ ಕೈಯಾಗ ಕೊಡ್ರಿ. ನೀವು ಹೋಗೋ ದಿನ ಕೊಡ್ತೇನಿ."

ಸಾಹೇಬರು ಮೊದಲು ಒಪ್ಪಲಿಲ್ಲ. ತುರ್ತು ಬಂದರೆ ಏನು ಗತಿ, ಸಂಸ್ಥೆಯ ಜೀಪಿನ ಚಾವಿ ಇನ್ನೊಬ್ಬರ ಕೈಯಲ್ಲಿ ಇಡುವುದು ಯಾವ ಪದ್ಧತಿ ಎಂದು ಕೂಗಾಡಿದರು. ಸಿಸ್ಟರ್ ಅವರನ್ನು ಪಕ್ಕಕ್ಕೆ ಕರೆದು ಏನೋ ಹೇಳಿ ಒಪ್ಪಿಸಿದರು. ಗುರುಬಾಯಿ ಚಾವಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಓಣಿಯ ಕಡೆ ತಿರುಗಿ ಬರ್ರಿ ಬೇ ಎಂದು ಕರೆದಳು. ಆ ದಿನ ಸಿಸ್ಟರ್ ಮಧ್ಯಾಹ್ನದ ಊಟಕ್ಕೂ ಕೆಳಗಿಳಿಯಲಿಲ್ಲ. ಅಷ್ಟು ಹೆಂಗಸರು ಹತ್ತಿದರು.

ಹೊಸಬರು ಇದನ್ನು ಸರಿಯಾಗಿ ತಿಳಿದುಕೊಳ್ಳಬೇಕು. ಎಂಜಿನ್ ಇದ್ದದ್ದು ಅವರ ಲೆಕ್ಕದಲ್ಲಿ ಬಸ್ಸು, ಅದು ಒಯ್ಯುವಂಥದ್ದು. ಎಂಜಿನ್ ಇಲ್ಲದ್ದು ಮನೆ. ಮರುದಿನ ಎದ್ದು ನೋಡಿದರೆ ಡಬ್ಬಿಯ ಮೆಟ್ಟಿಲ ಮುಂದೆ ನೀರು ಹೊಡೆದು ರಂಗೋಲಿ ಹಾಕಿದ್ದರು. ರಾತ್ರಿ ಡಬ್ಬಿಯಲ್ಲಿ ಸಿಸ್ಟರ್ ಒಬ್ಬರೇ ಮಲಗುತ್ತಿದ್ದರು. ನಾನು ಜೀಪಿನಲ್ಲಿ, ಸಾಹೇಬರು ಶಾಲೆಯ ಕಟ್ಟೆಯ ಮೇಲೆ, ಕಡೆಗೂ ಕಾಲು ಚಾಚಿಕೊಂಡು. ಸಂಜೆ ಹೆಂಗಸರು ಸಿಸ್ಟರ್ ಜೊತೆ ಹರಟೆಗೆ ಬರುವರು. ಹಗಲು ಹೇಳದ ರೋಗವನ್ನು ಆ ಹರಟೆಯಲ್ಲಿ ಹೇಳುವರು. ಮನೆ ಎಂದ ಮೇಲೆ ಮನೆಯ ಕಟ್ಟಳೆಯೂ ಬಂತು. ಅಮಾವಾಸ್ಯೆಯ ದಿನ ಮನೆ ಎಬ್ಬಿಸಬಾರದು ಎಂದು ನಮ್ಮನ್ನು ಹೊರಡಲು ಬಿಡುತ್ತಿರಲಿಲ್ಲ. ಮುಂದಿನ ಊರಿಗೆ ತಡವಾಗುತ್ತಿತ್ತು, ಮ್ಯಾನೇಜರ್ ಫೋನಿನಲ್ಲಿ ಸಿಡುಕುತ್ತಿದ್ದರು. ಅವರಿಗೆ ನಾನು ಗಾಲಿ ಪಂಕ್ಚರ್ ಅನ್ನುತ್ತಿದ್ದೆ. ನಮ್ಮ ಟ್ರೇಲರ್ ಅಮಾವಾಸ್ಯೆಗೊಮ್ಮೆ ಪಂಕ್ಚರ್ ಆಗುವುದು ಅವರಿಗೆ ವಿಚಿತ್ರ ಅನ್ನಿಸಿರಬೇಕು.

ಗುರುಬಾಯಿಯ ಸಣ್ಣ ಸೊಸೆ ನೀಲಮ್ಮ. ಎರಡು ಹೆಣ್ಣುಮಕ್ಕಳ ತಾಯಿ. ನಡುವೆ ಒಂದು ಹುಟ್ಟುತ್ತಲೇ ಹೋಗಿತ್ತು. ಎಲ್ಲವೂ ಮನೆಯಲ್ಲೇ ಆದ ಹೆರಿಗೆ. ಈಗ ಮತ್ತೆ ಬಸುರಿ, ಬಿಪಿ ಏರುತ್ತಿತ್ತು. ನಾವು ಹೋದಾಗಲೆಲ್ಲ ತಪ್ಪದೆ ಬರುತ್ತಿದ್ದಳು, ಗುಳಿಗೆ ತೆಗೆದುಕೊಳ್ಳುತ್ತಿದ್ದಳು, ಉಪ್ಪು ಬಿಡು ಅಂದರೆ ಬಿಡುತ್ತಿದ್ದಳು. ಈ ಹೆರಿಗೆ ಮಾತ್ರ ದೊಡ್ಡ ಆಸ್ಪತ್ರೆಯಲ್ಲೇ ಆಗಬೇಕು, ಇಲ್ಲವಾದರೆ ನಿನ್ನ ಜೀವಕ್ಕೇ ಅಪಾಯ ಎಂದು ಸಿಸ್ಟರ್ ಹೇಳಿದಾಗ ಗುಳಿಗೆ ಕಟ್ಟಿಕೊಂಡು ಎದ್ದುಬಿಡುತ್ತಿದ್ದಳು. ಸಾಹೇಬರು ಬೈದರೂ ಅಷ್ಟೇ. ಒಯ್ದರೆ ಆಪರೇಷನ್ ಮಾಡಿಬಿಡುತ್ತಾರೆ ಎಂಬುದು ಅವಳ ಮನಸ್ಸಿನಿಂದ ಹೋಗಲೇ ಇಲ್ಲ. ಎರಡೂ ಹೆಣ್ಣು. ಗಂಡು ಬೇಕು ಎಂದು ಗುರುಬಾಯಿ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ.

ಆ ಸಲ ಕೊಳಕೂರಿನಲ್ಲಿ ಅಮಾವಾಸ್ಯೆ ಬಂತೆಂದು ನಿಂತಿದ್ದೆವು. ಬೆಳಿಗ್ಗೆ ಮಳೆ ಬಿದ್ದು ಬಯಲೆಲ್ಲ ರಾಡಿ. ಮಧ್ಯಾಹ್ನ ನೀಲಮ್ಮನನ್ನು ಅವಳ ನೆಗೆಣ್ಣಿ ಹಿಡಿದುಕೊಂಡು ಬಂದಳು. ಮುಖ ಊದಿತ್ತು. ತಲೆ ಸಿಡಿಯುತ್ತಿದೆ, ಕಣ್ಣ ಮುಂದೆ ಮಿಂಚಿದ ಹಾಗೆ ಆಗುತ್ತಿದೆ ಅಂದಳಂತೆ. ಸಾಹೇಬರು ನೋಡಿ ಹೊರಗೆ ಬಂದರು. ಅವರ ಮುಖದಲ್ಲಿ ಸಿಟ್ಟು ಇರಲಿಲ್ಲ, ಅದಕ್ಕೇ ನನಗೆ ಭಯವಾಯಿತು. ಇನ್ನು ಸ್ವಲ್ಪ ಹೊತ್ತಿನಲ್ಲಿ ಫಿಟ್ಸ್ ಬಂದರೂ ಬರಬಹುದು, ತಾಯಿ ಮಗು ಇಬ್ಬರೂ ಹೋಗುತ್ತಾರೆ, ಈಗಲೇ ಹೊರಡಬೇಕು ಅಂದರು. ಆಂಬುಲೆನ್ಸಿಗೆ ಫೋನ್ ಮಾಡಿದೆವು. ಬೇರೆ ಊರಿಗೆ ಹೋಗಿದೆ, ತಡವಾಗುತ್ತದೆ ಎಂದು ಉತ್ತರ ಬಂತು.

ಗುರುಬಾಯಿ ಸೆರಗಿನ ಗಂಟು ಬಿಚ್ಚಿ ಚಾವಿ ಕೊಟ್ಟಳು. ಜೀಪು ತಂದೆ. ನೀಲಮ್ಮ ಡಬ್ಬಿಯ ಮಂಚದ ಸರಳು ಹಿಡಿದುಕೊಂಡು ಇಳಿಯುವುದಿಲ್ಲ ಅಂದಳು. ಇಲ್ಲೇ ಏನು ಮಾಡುತ್ತೀರೋ ಮಾಡಿ, ಸತ್ತರೂ ಇಲ್ಲೇ ಸಾಯುತ್ತೇನೆ ಅಂದಳು. ಅತ್ತೆ ಹೇಳಿದಳು, ನೆಗೆಣ್ಣಿ ಅತ್ತಳು, ಅವಳು ಸರಳು ಬಿಡಲಿಲ್ಲ.

ಸಾಹೇಬರು ನನ್ನ ಹತ್ತಿರ ಬಂದು, ಜೀಪನ್ನು ಹಿಂದಕ್ಕೆ ತಂದು ಕೊಂಡಿ ಹಾಕು ಶರಣಪ್ಪ ಅಂದರು. ಅವಳು ಒಳಗೇ ಇದ್ದಾಳೆ, ಇದ್ದ ಹಾಗೇ ಎಳೆದುಕೊಂಡು ಹೋಗೋಣ, ಕಾನೂನು ನಾನು ನೋಡಿಕೊಳ್ಳುತ್ತೇನೆ. ಸಿಸ್ಟರ್ ಬಾಗಿಲಿಗೆ ಬಂದು ಅಡ್ಡ ನಿಂತರು. ಸಾಹೇಬರ ಎದುರು ಅವರು ಹಾಗೆ ನಿಂತದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ, ಆಮೇಲೂ ನೋಡಿಲ್ಲ.

"ಇದು ಹೋಗಂಗಿಲ್ಲ ಅಂತ ನಂಬಿ ಹತ್ಯಾರ್ರಿ ಸರ್ ಇವ್ರು. ಇವತ್ತ ಇದನ್ನ ಎಳದ್ರಿ ಅಂದ್ರ, ಇನ್ ಮ್ಯಾಲ ಒಬ್ಬಾಕಿನೂ ಈ ಮೆಟ್ಟಲಾ ಹತ್ತಂಗಿಲ್ಲ."

"ಈಕಿ ಸತ್ರ ಹತ್ತತಾರೇನು?" ಅಂದರು ಸಾಹೇಬರು.

ಇಬ್ಬರದೂ ಖರೆ. ಇಂಥ ಹೊತ್ತಿನಲ್ಲಿ ಡ್ರೈವರ್ ಆಗಿರುವುದು ಒಳ್ಳೆಯದು, ಮೇಲಿನವರು ಹೇಳಿದ್ದನ್ನು ಮಾಡಿದರೆ ಆಯಿತು ಎಂದು ನೀವು ತಿಳಿಯಬಹುದು. ಕೊಂಡಿ ಹಾಕುವ ಕೈ ಮಾತ್ರ ಡ್ರೈವರಿನದೇ. ಸಾಹೇಬರ ಮಾತು ಮೀರಲಾರದೆ ಜೀಪನ್ನು ಹಿಂದಕ್ಕೆ ತೆಗೆದೆ. ಹಿಂದಕ್ಕೆ ತೆಗೆಯಲು ನನಗೆ ಅಷ್ಟೊತ್ತಿಗೆ ಚೆನ್ನಾಗಿ ಬರುತ್ತಿತ್ತು; ಕೊಂಡಿ ಕೊಂಡಿಗೆ ಸರಿಯಾಗಿ ಬಂದು ನಿಂತಿತು. ಇಳಿದು ಹೋಗಿ ಅದನ್ನು ಕೈಯಲ್ಲಿ ಹಿಡಿದೆ. ಓಣಿಯ ಹೆಂಗಸರೆಲ್ಲ ಸುತ್ತ ನಿಂತಿದ್ದರು. ಎಲ್ಲರ ಕಣ್ಣೂ ನನ್ನ ಕೈಯ ಮೇಲೆ ಇತ್ತು.

ಡಬ್ಬಿಯ ಮುಂದಿನ ಕಿಟಕಿ ಕೊಂಡಿಯ ನೇರಕ್ಕೇ ಇದೆ. ಅಲ್ಲಿಂದ ನೀಲಮ್ಮನ ಊದಿದ ಮುಖ ಕಂಡಿತು.

"ಕೊಂಡಿ ಹಾಕ್ತೀರೇನ್ರಿ ಅಣ್ಣಾ?" ಅಂದಳು.

"ನೀ ಹೂಂ ಅಂದ್ರ ಹಾಕ್ತೇನವ್ವಾ. ಇಲ್ಲಂದ್ರ ಹಾಕಂಗಿಲ್ಲ," ಅಂದೆ. ಆ ಮಾತು ನನ್ನ ಬಾಯಿಂದ ಹೇಗೆ ಬಂತೋ ತಿಳಿಯದು. ಹಿಂದೆ ನಿಂತಿದ್ದ ಸಾಹೇಬರು ಏನಾದರೂ ಅನ್ನುತ್ತಾರೆಂದು ಕಾದೆ. ಅವರು ಒಂದು ಹೆಜ್ಜೆ ಹಿಂದೆ ಸರಿದರು.

ನೀಲಮ್ಮ ಸುತ್ತ ನಿಂತವರನ್ನು ನೋಡಿದಳು. ತನ್ನ ನೆಗೆಣ್ಣಿಯನ್ನು ನೋಡಿದಳು; ಅವಳಿಗೂ ಆಗ ಮೂರು ತಿಂಗಳು. ಆಮೇಲೆ ಸರಳು ಬಿಟ್ಟಳು.

"ಬ್ಯಾಡ್ರಿ. ಇದು ಇಲ್ಲೇ ಇರ್ಲಿ. ಇವ್ರೆಲ್ಲ ಬರಬೇಕಲ್ರಿ ನಾಳಿ. ನಾನ ಇಳದು ಬರ್ತೇನಿ."

ಸಿಸ್ಟರ್ ಒಂದು ಕಡೆ, ಗುರುಬಾಯಿ ಒಂದು ಕಡೆ ಹಿಡಿದುಕೊಂಡರು. ಆ ರಾಡಿಯಲ್ಲಿ ಹೆಜ್ಜೆ ಕಿತ್ತಿಡುತ್ತ ಡಬ್ಬಿಯ ಮೆಟ್ಟಿಲಿನಿಂದ ಜೀಪಿನ ಬಾಗಿಲಿಗೆ ಬಂದಳು. ಹತ್ತುವ ಮೊದಲು ಸಿಸ್ಟರ್ ಕೈ ಹಿಡಿದು, ನನ್ನನ್ನು ಕೇಳದೆ ಏನೂ ಮಾಡಲು ಬಿಡಬಾರದು ಅಂದಳು. ಬಿಡುವುದಿಲ್ಲ ಎಂದು ಸಿಸ್ಟರ್ ಹೇಳಿದರು. ಡಬ್ಬಿಯನ್ನು ಬಾಗಿಲು ತೆರೆದ ಹಾಗೇ ಕೊಳಕೂರಿನಲ್ಲಿ ಬಿಟ್ಟು ಹೊರಟೆವು. ಜೇವರ್ಗಿ ಹಿಂದೆ ಹೋಯಿತು, ಭೀಮಾ ಸೇತುವೆ ಹೋಯಿತು. ಹಿಂದಿನ ಸೀಟಿನಲ್ಲಿ ಗುರುಬಾಯಿ ಬಸವಣ್ಣನ ಹೆಸರು ಹೇಳುತ್ತಲೇ ಇದ್ದಳು.

ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ದೇ ಮಗು ತೆಗೆಯಬೇಕು ಅಂದರು. ಯಾವ ಆಸ್ಪತ್ರೆ ಎಂದು ಬರೆಯುವುದಿಲ್ಲ, ಎಲ್ಲ ಕಡೆಯೂ ನಡೆಯುವುದು ಹೀಗೆಯೇ. ಒಳಗೆ ಒಯ್ಯುವ ಮುಂಚೆ ಅಲ್ಲಿಯ ಒಬ್ಬರು ಬಂದು, ಎಷ್ಟನೆಯದು ಎಂದು ಕೇಳಿದರು. ಎರಡು ಇವೆ, ಇದು ಮೂರನೆಯ ಮಗು ಎಂದು ಗೊತ್ತಾದದ್ದೇ ತಡ, ಹಾಗಾದರೆ ಜೊತೆಗೇ ಅದನ್ನೂ ಮುಗಿಸಿಬಿಡೋಣ ಅಲ್ಲವೇ ಎಂದು ಸಾಹೇಬರನ್ನು ಕೇಳಿದರು. ಕೆಟ್ಟ ಮನುಷ್ಯರಲ್ಲ ಅವರು. ದಿನವೂ ಕೇಳುವ ಪ್ರಶ್ನೆ, ಚಹಾಕ್ಕೆ ಸಕ್ಕರೆ ಹಾಕಲೇ ಅಂದ ಹಾಗೆ ಕೇಳಿದರು. ವೈದ್ಯರಾಗಿ ನೋಡಿದರೆ ಅದು ಸರಿಯಾದ ಸಲಹೆಯೂ ಹೌದು, ಇನ್ನೊಂದು ಬಸುರು ಅವಳಿಗೆ ಒಳ್ಳೆಯದಲ್ಲ ಎಂದು ನಮ್ಮ ಸಾಹೇಬರೇ ಹೇಳಿದ್ದರು. ಕೊಳಕೂರಿನ ಹೆಂಗಸರು ಇಷ್ಟು ವರ್ಷ ಹೆದರಿದ್ದು ಇದಕ್ಕೇ. ಕೇಳುವವರು ಹೆಂಗಸಿನ ಕಡೆ ನೋಡಿಯೂ ಇರಲಿಲ್ಲ.

ಸಾಹೇಬರು ಸ್ಟ್ರೆಚರಿನ ಕಡೆ ತಿರುಗಿ ನೋಡಿದರು. ಆಮೇಲೆ, "ನನ್ನ ಯಾಕ ಕೇಳ್ತೀರಿ? ಅಕಿನ್ನ ಕೇಳ್ರಿ," ಅಂದರು.

ಸಿಸ್ಟರ್ ಸ್ಟ್ರೆಚರಿನ ಮೇಲೆ ಬಾಗಿ, ಇಂಥದ್ದು ಮಾಡುವುದೇ ಎಂದು ಕೇಳುತ್ತಿ‌ದ್ದಾರೆ, ಮಾಡಿದರೆ ನಿನ್ನ ಜೀವಕ್ಕೆ ಒಳ್ಳೆಯದು, ಆದರೆ ಹೂಂ ಅನ್ನುವುದು ಬಿಡುವುದು ನಿನಗೆ ಬಿಟ್ಟದ್ದು ಎಂದು ಬಿಡಿಸಿ ಹೇಳಿದರು. ನೀಲಮ್ಮ ಈಗ ಬ್ಯಾಡ್ರಿ ಅಂದಳು. ಬೇಡ ಎಂದೇ ಬರೆದುಕೊಂಡರು. ಮಗು ಬದುಕಿತು, ಅವಳೂ ಬದುಕಿದಳು. ಹೆಣ್ಣು ಮಗು. ಗುರುಬಾಯಿ ಅದನ್ನು ಕೈಗೆ ತೆಗೆದುಕೊಂಡು ತಲೆ ಸವರಿ, ಕೂದಲು ಎಷ್ಟು ದಟ್ಟ ಇದೆ ಅಂದಳು. ನಾನು ಹೊರಗೆ ಬಂದು ಜೀಪಿನಲ್ಲಿ ಕೂತು ಅತ್ತೆ. ನಾಚಿಕೆಯೇನಿಲ್ಲ, ಬರೆಯುತ್ತಿದ್ದೇನೆ.

ಈಗ ಸಂಸ್ಥೆಯವರ ಪ್ರಶ್ನೆಗೆ ನನ್ನ ಉತ್ತರ ಏನೆಂದು ನಿಮಗೆ ತಿಳಿದಿರಬೇಕು. ಡಬ್ಬಿಯೇ ತಗೊಳ್ಳಿ ಅನ್ನುತ್ತೇನೆ. ನಡುಗುತ್ತದೆ, ವಾಲುತ್ತದೆ, ಫರಸಿ ಹೊತ್ತು ಹೊತ್ತು ಬೆನ್ನು ಬಿದ್ದುಹೋಗುತ್ತದೆ. ಜೀಪನ್ನು ಬಿಡಿಸಿಕೊಂಡು ರೋಗಿಯನ್ನು ಒಯ್ಯಬಹುದು, ಅದು ದೊಡ್ಡ ಅನುಕೂಲ ನಿಜ. ಆದರೆ ನಾನು ಅದಕ್ಕಾಗಿ ಹೇಳುತ್ತಿಲ್ಲ. ಉದ್ದನೆಯ ಬಿಳಿ ಗಾಡಿಯ ಕಡೆಗೇ ಅವರ ಮನಸ್ಸು ವಾಲಿದೆ ಎಂದು ಕೇಳಿದೆ. ಫೋಟೋದಲ್ಲಿ ಅದೇ ಚೆಂದ ಕಾಣುತ್ತದೆ. ಆಗಲಿ. ನನ್ನ ಮಾತಿಗೆ ಈಗ ಬೆಲೆಯಿಲ್ಲ, ವಾದ ಮಾಡುವ ತ್ರಾಣವೂ ಇಲ್ಲ. ಅದರಲ್ಲೇ ಕೂರಬೇಕಾಗಿ ಬಂದರೆ ಊರಿಗೆ ಹೋದ ಕೂಡಲೇ ಎಂಜಿನ್ ಬಂದ್ ಮಾಡಿ, ನಿಮಗೆ ತಿಳಿದ ರೀತಿಯಲ್ಲಿ ಅವರಿಗೆ ನಂಬಿಕೆ ಬರುವ ಹಾಗೆ ನಡೆದುಕೊಳ್ಳಿ.

ಆಸ್ಪತ್ರೆಯಿಂದ ಬಂದ ಮೇಲೂ ನೀಲಮ್ಮ ನಾವು ಹೋದಾಗೆಲ್ಲ ಬರುತ್ತಿದ್ದಳು, ಮಗುವಿಗೆ ಚುಚ್ಚುಮದ್ದು ಹಾಕಿಸುತ್ತಿದ್ದಳು, ಹೋಗುತ್ತಿದ್ದಳು. ಆ ಆಪರೇಷನ್ನಿನ ಮಾತನ್ನು ಸಿಸ್ಟರ್ ಎತ್ತಲಿಲ್ಲ, ಸಾಹೇಬರಿಗೂ ಎತ್ತಲು ಬಿಡಲಿಲ್ಲ. ಮಗು ತಾನೇ ನಡೆದು ಮೆಟ್ಟಿಲು ಹತ್ತುವಷ್ಟಾಯಿತು. ಒಂದು ಬೆಳಿಗ್ಗೆ ನಾವು ಕೊಳಕೂರಿನಿಂದ ಹೊರಡುವವರಿದ್ದೆವು. ಡಬ್ಬಿ ಜೀಪಿಗೆ ಸೇರಿತ್ತು, ಸಾಹೇಬರು ಮುಂದೆ ಕೂತಿದ್ದರು, ಸಿಸ್ಟರ್ ಹಿಂದೆ. ನೀಲಮ್ಮ ಒಗೆದ ಸೀರೆ ಉಟ್ಟು, ಕೈಯಲ್ಲಿ ಒಂದು ಚೀಲ ಹಿಡಿದು ಬಂದಳು. ತಾನೇ ಜೀಪಿನ ಹಿಂದಿನ ಬಾಗಿಲು ತೆಗೆದು ಹತ್ತಿ ಸಿಸ್ಟರ್ ಪಕ್ಕದಲ್ಲಿ ಕೂತಳು. ಮೂರು ಸಾಕು, ಆಸ್ಪತ್ರೆಗೆ ಬಿಡಿ, ಆಪರೇಷನ್ ಮಾಡಿಸಿಕೊಳ್ಳುತ್ತೇನೆ ಅಂದಳು. ಗುರುಬಾಯಿ ಮನೆಯ ಬಾಗಿಲಲ್ಲಿ ಸಣ್ಣದನ್ನು ಎತ್ತಿಕೊಂಡು ನಿಂತಿದ್ದಳು. ಮುಖ ಬೇರೆ ಕಡೆ ತಿರುಗಿಸಿದ್ದಳು, ಬೇಡ ಅನ್ನಲಿಲ್ಲ.

ಸಿಸ್ಟರ್ ಒಂದೇ ಒಂದು ಮಾತು ಕೇಳಿದರು. ಯಾರಾದರೂ ಒತ್ತಾಯ ಮಾಡಿದರೇ, ಖರೆ ಹೇಳು ಅಂದರು.

"ಯಾರೂ ಒಯ್ಯಾಕತ್ತಿಲ್ರಿ ಅಕ್ಕಾರ," ಅಂದಳು ನೀಲಮ್ಮ. "ನಾನ ಹೊಂಟೀನಿ."

ನಾನು ಗಾಡಿ ಚಾಲೂ ಮಾಡಿದೆ.